ತಿರುವಿನಲ್ಲಿ ಎರಡನೇ ಗೇರ್

ನನ್ನ ಹಳೇ ಕಾರು ಕೊಂಡ ಮೇಷ್ಟ್ರಿಗೆ,

ಜೀವನವಿಡೀ ಕೈಯಾರೆ ಗೇರ್ ಹಾಕೋ ಕಾರುಗಳನ್ನೇ ಓಡಿಸಿದೆ. ಕಣ್ಣು ಮಂಜಾಯ್ತು ಅಂತ ಕೊನೇದನ್ನ ನಿಮಗೆ ಕೊಟ್ಟೆ. ಆದ್ರೆ ಮಾರಿದ್ದು ಕಾರು, ಕಾರುಬಾರಲ್ಲ!

ನಮ್ಮನೆ ತಿರುವಲ್ಲಿ ನೀವು ಎರಡನೇ ಗೇರ್ ಹಾಕಿದಾಗ ಅದು ಗರ್ರ್ ಅನ್ನುತ್ತಲ್ಲ, ಆ ಸದ್ದಿಗೆ ನನ್ನ ಹೆಂಡತಿ ಮುಂಗುರುಳು ಸರಿಮಾಡ್ಕೊಂಡು ಓಡಿಹೋಗಿ ಬಾಗಿಲು ತೆಗೀತಾಳೆ. ನಾನು ಒಳಗೇ ಕೂತಿರ್ತೀನಿ! "ಯಾರಿಗೇ ಇಷ್ಟು ಸಡಗರ?" ಅಂದ್ರೆ, "ನೀವೇ ಬಂದ್ರಿ ಅಂದ್ಕೊಂಡೆ ಕಣ್ರೀ" ಅಂತಾಳೆ. ಇಂಜಿನ್ ನಿಮ್ದು, ಹೊಗೆ ಮಾತ್ರ ನನ್ನ ಹೊಟ್ಟೇಲಿ.

ದಯವಿಟ್ಟು ಆ ಗೇರ್ ರಿಪೇರಿ ಮಾಡಿಸಬೇಡಿ. ಭಾನುವಾರ ತಿರುವಿನ ಆಚೆ ನಿಂತಿರ್ತೀನಿ, ಪಕ್ಕದ ಸೀಟು ಕೊಡಿ. ಕ್ಲಚ್ ನೀವು ಒತ್ತಿ, ಗೇರ್ ನಾನು ಹಾಕ್ತೀನಿ. ಅವಳು ಬಾಗಿಲು ತೆಗೆದಾಗ ಇಳಿಯೋನು ನಾನಾಗಿರಬೇಕು.

ಇಂತಿ ಹೊಗೆಯಾಡ್ತಿರೋ,
ನಿಮ್ಮ ಕಾರಿನ ಮೊದಲ ಗಂಡ