ಗುಬ್ಬಿಯ ಕಾವಲು

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ

ಹದಿನೆಂಟು ಅಂಗಿ ಮುಗಿದವು. ಊಟದ ಬಿಡುವು. ಇಸ್ತ್ರಿಪೆಟ್ಟಿಗೆ ಆರಿಸಿ, ಇಯರ್‌ಫೋನ್ ಹಾಕಿಕೊಂಡು ಆಟದೊಳಗೆ ಹೋದೆ. ಕೋಟೆ ಕಟ್ಟುವ ಆಟ. ನಮ್ಮ ಗುಂಪನ್ನು ಕಟ್ಟಿದ ಡ್ರೈವರಣ್ಣ ಇವತ್ತಿನಿಂದ ನನ್ನನ್ನು ಮಾಡರೇಟರ್ ಮಾಡಿದ್ದಾರೆ. ಕೆಟ್ಟದಾಗಿ ನಡೆದುಕೊಳ್ಳುವವರನ್ನು ಹೊರಗೆ ಹಾಕುವ ಕೆಲಸ.

"ನಂಗ್ಯಾಕಣ್ಣ?" ಎಂದು ಬರೆದೆ. ಒಂದು ವರ್ಷದಿಂದ ಮೈಕ್ ಆನ್ ಮಾಡಿದವಳಲ್ಲ. ಮೌನಕ್ಕ ಎಂದೇ ಹೆಸರು.

"ಮಾತಾಡೋರು ಬೇಕಾದಷ್ಟು ಜನ ಇದ್ದಾರೆ ತಾಯಿ. ಕೇಳಿಸ್ಕೊಳ್ಳೋಳು ನೀನೊಬ್ಬಳೇ."

ಪಕ್ಕದ ಮೇಜಿನಲ್ಲಿ ಗುಂಡಿ ಹಾಕುತ್ತಿದ್ದ ನನ್ನ ಅಕ್ಕ ನಕ್ಕಳು— "ಬಾಯಿಗೆ ಹೊಲಿಗೆ ಹಾಕ್ಕೊಂಡೋಳು ಕಾವಲಂತೆ!"

ಮಾರ್ಚ್ 5, ಬುಧವಾರ. ಸಂಜೆ 6

ಆಟದಲ್ಲಿ ನಮ್ಮ ಗುಂಪಿನ ಗುಬ್ಬಿ ಎಂಬ ಹುಡುಗಿ ಇದ್ದಳು. ಹತ್ತು ವರ್ಷದವಳು. ಜೊತೆಗೆ 'ಮಾಮ' ಎಂದು ಹೆಸರಿಟ್ಟುಕೊಂಡ ಒಬ್ಬ. ನಾನಿದ್ದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅವನು ಮೈಕಿನಲ್ಲಿ ಹೇಳುತ್ತಿದ್ದ—

"ಬಿಳಿ ಕುದುರೆ ಕೊಡಿಸ್ತೀನಿ. ಅಜ್ಜಿಗೆ ಹೇಳ್ಬೇಡ, ಆಟ ಬಿಡಿಸ್ಬಿಡ್ತಾರೆ. ಬೇರೆ ಕಡೆ ನಾವಿಬ್ರೇ ಮಾತಾಡೋಣ, ಆಯ್ತಾ ಪುಟ್ಟಿ?"

ಹೊರಗೆ ಹಾಕುವ ಬಟನ್ ಒತ್ತಿದೆ. ಮಾಮ ಹೊರಗೆ!

ಇವತ್ತು ಅಕ್ಕ ಅಣಕಿಸಿದರೂ ಬೇಜಾರಾಗಲಿಲ್ಲ.

ಮಾರ್ಚ್ 6, ಗುರುವಾರ

ಗುಬ್ಬಿ ಬರೆದಿದ್ದಾಳೆ— "ನಮ್ಮ ಮಾಮನ್ನ ಯಾಕೆ ಓಡಿಸಿದ್ರಿ? ನೀವು ಕೆಟ್ಟೋರು."

ಉತ್ತರ ಬರೆದೆ, ಅಳಿಸಿದೆ, ಬರೆದೆ… ಅಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಮಾರ್ಚ್ 11, ಮಂಗಳವಾರ

ಗುಬ್ಬಿ ಬಂದೇ ಇಲ್ಲ. ಇವತ್ತು ಒಂದು ಅಂಗಿಯ ತೋಳು ಸುಟ್ಟೆ. ಮಾಲೀಕರ ಬೈಗುಳ ಕಿವಿಗೆ ಬೀಳಲಿಲ್ಲ.

ಆಟದ ಕಂಪನಿಗೆ ದೂರು ಕೊಟ್ಟಿದ್ದೆ. ಸಾಕ್ಷಿ ಏನಿದೆ ಎಂದು ಕೇಳಿದ್ದಾರೆ. ಏನೂ ಇಲ್ಲ. ಅವನನ್ನು ಅಟ್ಟುವ ಆತುರ. ಪಕ್ಕದಲ್ಲೇ ಇದ್ದ ರೆಕಾರ್ಡ್ ಬಟನ್ ಒತ್ತಲಿಲ್ಲ.

"ಅವನನ್ನ ಓಡಿಸಿದ್ದು ಸರಿ," ಅಂದರು ಡ್ರೈವರಣ್ಣ. "ಆಮೇಲೆ ಮಗೂನ ಯಾರು ಮಾತಾಡಿಸಿದ್ರು?"

ಯಾರೂ ಇಲ್ಲ. ತೋಳವನ್ನು ಅಟ್ಟಿದೆ, ಕುರಿಮರಿ ಅದರ ಹಿಂದೆಯೇ ಹೋಯಿತು.

ಮಾರ್ಚ್ 12, ಬುಧವಾರ. ಸಂಜೆ 5.40

ಗುಬ್ಬಿ ಬಂದಳು! ಒಬ್ಬಳೇ. ಬರೆಯುತ್ತ ಕೂತರೆ ಮತ್ತೆ ಹೋದಾಳು. ಕಣ್ಣು ಮುಚ್ಚಿ ಮೈಕ್ ಒತ್ತಿದೆ.

"ಗುಬ್ಬಿ… ನಂಗೆ ನಿನ್ನ ಮೇಲೆ ಕೋಪ ಇಲ್ಲಮ್ಮ."

"ಯಾರು? ಮೌನಕ್ಕಾನಾ? ನಿಮಗೆ ಮಾತು ಬರುತ್ತಾ!"

"ಬರುತ್ತೆ… ಸ್ವಲ್ಪ."

ನಕ್ಕಳು. ಆಮೇಲೆ ಅತ್ತಳು. ಬೇರೆ ಕಡೆ ಮಾಮನ ಜೊತೆ ಮಾತಾಡಿ, ಶಾಲೆಯ ಹೆಸರು ಹೇಳಿದ್ದಾಳೆ. ನಾಳೆ ಗೇಟಿನ ಹತ್ತಿರ ಬರುತ್ತಾನಂತೆ.

"ಅಜ್ಜೀನ ಕರಿ."

"ಬೈತಾರೆ."

"ನಂಗೆ ಬೈಲಿ. ಕರಿ."

ಕರೆಯಲು ಹೋಗಿದ್ದಾಳೆ. ಮೈಕ್ ಆನ್ ಇದೆ. ತಡವರಿಸಬಾರದೆಂದು ಇಲ್ಲೇ ಬರೆದುಕೊಳ್ಳುತ್ತಿದ್ದೇನೆ—

ಅಜ್ಜೀ, ಮಗೂನ ಬೈಬೇಡಿ. ನಾಳೆ ಅವಳೊಬ್ಬಳನ್ನೇ ಶಾಲೆಗೆ ಕಳಿಸಬೇಡಿ. ಅವನು ಕಳಿಸಿದ್ದು ಏನಿದ್ದರೂ ಅಳಿಸಬೇಡಿ, ಪೊಲೀಸರಿಗೆ ತೋರಿಸಿ. ನಾನೂ ಬಂದು ಹೇಳ್ತೀನಿ, ನಾನು ಕಿವಿಯಾರೆ ಕೇಳಿ—

ಇಯರ್‌ಫೋನಿನಲ್ಲಿ ಅಜ್ಜಿಯ ಚಪ್ಪಲಿ ಸದ್ದು. "ಯಾರಮ್ಮಾ ಅದು?"