ಸೊಟ್ಟ ಜಡೆ

ಮಾರ್ಚ್ 11, ಮಂಗಳವಾರ

ಆ ಹುಡುಗಿ ಇವತ್ತು ಬಾಯಿ ಬಿಟ್ಟಳು. ಅದೇ ತಲೆಯಲ್ಲಿ ಸುತ್ತುತ್ತಿದೆ, ನಿದ್ದೆ ಹತ್ತಿರ ಸುಳಿಯುತ್ತಿಲ್ಲ.

ಗಂಡನ ಹಿಂದೆ ದೇಶ ಬಿಟ್ಟು ಈ ಪರದೇಶಕ್ಕೆ ಬಂದ ಕನ್ನಡದವಳು. ಪಕ್ಕದ ಮನೆಯವರು ನಮ್ಮ ಆಶ್ರಯಧಾಮಕ್ಕೆ ತಂದು ಬಿಟ್ಟ ದಿನದಿಂದ ಏನು ಕೇಳಿದರೂ "ಬಿದ್ದೆ ಅಕ್ಕಾ" ಅಷ್ಟೇ. ಎದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು ಕೇಳಬೇಕಂತೆ, ತರಬೇತಿಯಲ್ಲಿ ಹೇಳಿಕೊಟ್ಟಿದ್ದು. ಮಣ್ಣಾಂಗಟ್ಟಿ! ಎದುರು ಕೂತರೆ ಅವಳು ನೆಲ ನೋಡುತ್ತಾಳೆ.

ಬೆಳಿಗ್ಗೆ ಊದಿದ ಕೈ ಎತ್ತಲಾಗದೆ ಬಾಚಣಿಗೆ ಹಿಡಿದು ಒದ್ದಾಡುತ್ತಿದ್ದಳು. "ಕೊಡು ಇಲ್ಲಿ, ನಾನು ಬಾಚ್ತೀನಿ" ಎಂದು ಅವಳ ಬೆನ್ನ ಹಿಂದೆ ಕೂತೆ. ಸಿಕ್ಕು ಬಿಡಿಸುತ್ತಿದ್ದ ಹಾಗೆ ಗೋಡೆಗೆ ಹೇಳುವಂತೆ ಮೆಲ್ಲಗೆ ಅಂದಳು. "ಅಕ್ಕಾ, ನಾನು ಬೀಳ್ಲಿಲ್ಲ."

ಚಿಕ್ಕಮ್ಮ ಕಣ್ಣ ಮುಂದೆ ಬಂದಳು. ಗಂಡನ ಮನೆಯಿಂದ ಬಂದಾಗಲೆಲ್ಲ ಅಮ್ಮ ಅವಳನ್ನು ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಆ ಎಣ್ಣೆಯ ಘಮ ಇವತ್ತೂ ಮೂಗಿಗೆ ಬಂದ ಹಾಗಾಯಿತು. ಇಲಿಬಾಲದಂಥ ಜಡೆಗೆ ಇಷ್ಟು ಹೊತ್ತೇ ಎಂದು ನಾನು ನಗುತ್ತಿದ್ದೆ. "ಸೊಟ್ಟಗಾಯ್ತು ಕಣೇ, ನೀನು ಹೋಗಿ ಆಡ್ಕೋ" ಎಂದು ಅಮ್ಮ ಹೆಣೆದದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯುತ್ತಿದ್ದಳು. ಚಿಕ್ಕಮ್ಮ ನಮ್ಮ ಕಡೆ ತಿರುಗದೆಯೇ ಏನೋ ಪಿಸುಗುಟ್ಟುತ್ತಿದ್ದಳು.

ಇವತ್ತು ಜಡೆ ಮುಗಿಯಿತು, ಹುಡುಗಿಯ ಮಾತು ಮುಗಿದಿರಲಿಲ್ಲ.

"ಸೊಟ್ಟಗಾಯ್ತು, ಇನ್ನೊಂದ್ಸಲ ಹಾಕ್ತೀನಿ ಇರು" ಎಂದೆ.

ಅಮ್ಮಾ, ನೀನು ಹಾಕಿದ ಜಡೆ ಒಂದು ದಿನವಾದರೂ ಸೊಟ್ಟಗಾಗಿತ್ತೇ?