ಗುರುವಾರದ ಬೆಸುಗೆ

ಭಾನುವಾರ, ಏಪ್ರಿಲ್ ೧೪

ಇವಳೇ,

ಮನೆ ಬಿಟ್ಟವಳಿಗೆ ಮುನಿಸು ಬಿಡದವನ ನಮಸ್ಕಾರ. ನೀನು ಅಕ್ಕನ ಮನೆ ಸೇರಿ ಇಂದಿಗೆ ಆರು ವಾರ. ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ನಮ್ಮ ಮನೆಗೆ ಹಗಲುಹೊತ್ತು ಯಾರೋ ನುಗ್ಗುತ್ತಿದ್ದಾರೆ, ಅದನ್ನು ವಿಚಾರಿಸಲು ಬರೆಯುತ್ತಿದ್ದೇನೆ.

ಹಿಂದಿನ ಕೋಣೆಯ ಮೇಜಿನ ಮೇಲೆ ನಾವು ಹಾಕುತ್ತಿದ್ದ ಪುಟ್ಟ ರೈಲುದಾರಿ ಎಲ್ಲಿಗೆ ನಿಂತಿತ್ತು ಎಂದು ನಿನಗೆ ನೆನಪಿರಬೇಕು: ಕಿಟಕಿ ಪಕ್ಕದ ತಿರುವಿಗೆ. ಬಾಗುವ ಹಳಿಯ ಎರಡು ತುಂಡುಗಳನ್ನು ನಾನು ಮೊದಲು ಬಗ್ಗಿಸಿ ಆಮೇಲೆ ಜೋಡಿಸಿದ್ದೆ. ಜೋಡಿಸಿದ ಜಾಗ ಮೊಣಕೈಯಂತೆ ಚೂಪಾಗಿ, ಎಂಜಿನ್ ಅಲ್ಲಿಗೆ ಬಂದಾಗಲೆಲ್ಲ ಮಗ್ಗುಲಾಗುತ್ತಿತ್ತು. ನೇರ ಇದ್ದಾಗ್ಲೇ ಬೆಸೆದು ಆಮೇಲೆ ಬಗ್ಗಿಸಿ ಅಂತ ನೀನು ಮೂರು ಸಲ ಹೇಳಿದೆ. ಕನ್ನಡಕಕ್ಕೆ ಕಡ್ಡಿ ಸಿಕ್ಕಿಸೋಳು ನನಗೆ ಹಳಿ ಹಾಕೋದು ಹೇಳ್ಕೊಡ್ಬೇಡ ಅಂತ ನಾನಂದೆ, ನಿನ್ನ ಭಾವನ ಎದುರಿಗೇ. ಮರುದಿನ ಬೆಳಿಗ್ಗೆ ನಿನ್ನ ಚಪ್ಪಲಿ ಬಾಗಿಲಲ್ಲಿರಲಿಲ್ಲ.

ಮೂರನೆಯ ವಾರ ಒಂದು ಸಂಜೆ ಪ್ರೆಸ್ಸಿನಲ್ಲಿ ಕರಡು ತಿದ್ದಿ ಬಂದರೆ, ತಿರುವು ಮುಗಿದಿದೆ. ನೇರ ಬೆಸೆದು ಬಗ್ಗಿಸಿದ ತಿರುವು, ಎಣ್ಣೆ ಹಚ್ಚಿ ಬಾಚಿದ ಜಡೆಯ ಹಾಗೆ. ಬಗ್ಗಿದಾಗ ಮುಂದೆ ಚಾಚುವ ಒಳಹಳಿಯನ್ನು ಕತ್ತರಿಸಿ, ತುದಿಯನ್ನು ಅರದಿಂದ ನುಣುಪು ಮಾಡಿದ್ದಾರೆ.

ಮೊದಲ ಅನುಮಾನ ನನ್ನ ತಮ್ಮನ ಮೇಲೆ. ಇನ್ನೊಂದು ಕೀಲಿ ಅವನಲ್ಲಿತ್ತಲ್ಲ. ಕೇಳಿದೆ. ಅಣ್ಣಾ, ನಮ್ಮನೆ ಬಲ್ಬ್ ಹಾಕೋಕೇ ಅತ್ತಿಗೇನ ಕರೆಸ್ತಿದ್ದೋನು ನಾನು, ಇಲ್ಲದ ಬುದ್ಧಿವಂತಿಕೆ ನನ್ನ ತಲೆಗೆ ಯಾಕೆ ಕಟ್ತೀಯ ಅಂದ. ಹಾಗಾದ್ರೆ ಕೀಲಿ ಎಲ್ಲಿ ಅಂದದ್ದಕ್ಕೆ ಬೋಳುತಲೆ ಕೆರೆದುಕೊಂಡ.

ದಿನಾ ಹೊರಡುವಾಗ ಬಾಗಿಲ ಸಂದಿಯಲ್ಲಿ ಕರಡಿನ ಕಾಗದದ ಚೂರು ಸಿಕ್ಕಿಸಿಟ್ಟೆ. ಬುಧವಾರದವರೆಗೂ ಅಲ್ಲಾಡಲಿಲ್ಲ, ಗುರುವಾರ ನೆಲದ ಮೇಲಿತ್ತು. ಮುಂದಿನ ಗುರುವಾರವೂ ಅಷ್ಟೇ. ನಿನ್ನ ಕನ್ನಡಕದ ಅಂಗಡಿಗೆ ವಾರದ ರಜೆ ಯಾವ ದಿನ ಎಂಬುದನ್ನು ನಾನು ಹೇಳಬೇಕಿಲ್ಲ. ಬೆಸುಗೆಯ ಬಿಸಿಗೆ ಹಳಿಯಡಿಯ ಪ್ಲಾಸ್ಟಿಕ್ ಅಡ್ಡಪಟ್ಟಿಗಳು ಕರಗದಿರಲೆಂದು ಜೋಡಣೆಯ ಎರಡೂ ಬದಿಗೆ ತಲೆಗೂದಲ ಕ್ಲಿಪ್ಪು ಕಚ್ಚಿಸುವವರು ಈ ಊರಲ್ಲಿ ಎಷ್ಟು ಜನ? ಒಂದು ಕ್ಲಿಪ್ಪು ಮೇಜಿನ ಕೆಳಗೆ ಸಿಕ್ಕಿತು, ಎರಡು ಕೂದಲ ಸಮೇತ. ಒಂದು ಕಪ್ಪು, ಒಂದು ಬಿಳಿ. ಕೀಲಿ ಯಾರ ಕೈ ಸೇರಿದೆ ಎಂದೂ ತಿಳಿಯಿತು, ತಮ್ಮನನ್ನು ಖುಲಾಸೆ ಮಾಡಿದೆ.

ಯಾರೆಂದು ತಿಳಿದರೂ ಅನುಮಾನ ತೀರಲಿಲ್ಲ, ಬಲಿತಿತು. ಯಾಕೆ ಬರುತ್ತೀ? ಕಪಾಟು ತೆರೆದು ನೋಡಿದೆ. ನಿನ್ನ ಸ್ವೆಟರಿಲ್ಲ, ಹೊಲಿಗೆ ಡಬ್ಬಿಯಿಲ್ಲ, ಛತ್ರಿಯಿಲ್ಲ, ನಿನ್ನಮ್ಮನ ಫೋಟೋ ಇಲ್ಲ. ನಾಲ್ಕು ಗುರುವಾರಕ್ಕೆ ನಾಲ್ಕು ಸಾಮಾನು. ಮೇಜಿನ ಮೇಲೆ ಹಳಿ ಕೂಡುತ್ತಿದೆ, ಕಪಾಟಿನಲ್ಲಿ ನೀನು ಕಳೆಯುತ್ತಿದ್ದೀ. ಅರ್ಧ ಹೆಣೆದದ್ದು, ಅರ್ಧ ತೊಳೆದದ್ದು ಬಿಟ್ಟು ಏಳುವವಳಲ್ಲ ನೀನು. ಸುತ್ತು ಪೂರ್ತಿ ಮಾಡಿ, ಕೀಲಿ ಮೇಜಿನ ಮೇಲಿಟ್ಟು, ಬಾಗಿಲೆಳೆದುಕೊಂಡು ಹೋಗುವ ಲೆಕ್ಕಾಚಾರವಿರಬೇಕು. ಇನ್ನುಳಿದಿರುವುದು ಒಂದೇ ಜೋಡಣೆ. ಕಪಾಟಿನಲ್ಲೂ ಒಂದೇ ಶಾಲು.

ಆದರೆ ನಿನ್ನ ಕೈಚಳಕದಲ್ಲೂ ಲೋಪವಿದೆ, ಹೇಳದೆ ಬಿಡಲಾರೆ. ಕಳೆದೆರಡು ವಾರವೂ ನೀನು ಬೆಸೆದದ್ದು ಒಂದೊಂದು ಕಡೆ ಬಿಟ್ಟುಕೊಂಡಿತು. ನಿನಗೇ ಕನ್ನಡಕ ಬೇಕಾಗಿದೆಯೋ, ಮನೆಯಲ್ಲಿ ಇಲಿ ಸೇರಿದೆಯೋ ತಿಳಿಯದು. ಬಿಟ್ಟದ್ದನ್ನೇ ಮತ್ತೆ ಬೆಸೆದು ಹೋದೆ, ಕೊನೆಯದನ್ನು ಮುಟ್ಟಲಿಲ್ಲ. ಇಡೀ ಮಧ್ಯಾಹ್ನ ಕೈಯಲ್ಲಿದ್ದರೂ ಒಂದು ಸಲಕ್ಕೆ ಒಂದಕ್ಕಿಂತ ಹೆಚ್ಚು ಯಾಕೆ ಬೆಸೆಯುವುದಿಲ್ಲ ಎಂಬುದೂ ನನ್ನ ಅನುಮಾನಗಳ ಪಟ್ಟಿಯಲ್ಲಿದೆ.

ಇತಿ,
ಅನುಮಾನದಲ್ಲೂ ಅನುಪ್ರಾಸ ಬಿಡದ,
ನಿನ್ನ ‘ಇವರು’

ಬರೆಯಲು ಹಿಂಜರಿದದ್ದು: ಇಲಿಗೆ ಸಾಲ್ಡರಿಂಗ್ ಕಡ್ಡಿ ಹಿಡಿಯಲು ಬರುವುದಿಲ್ಲ. ಎರಡು ಬುಧವಾರವೂ ಸಂಜೆ ಕೂತು ನಿನ್ನ ಬೆಸುಗೆಯನ್ನು ಕಾಸಿ ಬಿಡಿಸಿದವನು ನಾನೇ. ಶಾಲನ್ನೂ ಕಪಾಟಿನಲ್ಲಿ ಹುಡುಕಬೇಡ, ಪ್ರೆಸ್ಸಿನ ನನ್ನ ಡ್ರಾಯರಿನಲ್ಲಿದೆ. ಈ ಗುರುವಾರ ರಜೆ ಹಾಕಿದ್ದೇನೆ. ಬೆಸೆಯುವಾಗ ಹಳಿಯನ್ನು ನೇರವಾಗಿ ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ. ಹಿಡಿದುಕೊಂಡು ಬಾಯಿ ಮುಚ್ಚಿಕೊಂಡಿರುತ್ತೇನೆ.